ಖಾಲಿ ಉಂಗುರ

ಭೋಸರಿಯ ಎಂಐಡಿಸಿಯಲ್ಲಿ, ತಗಡಿನ ಮೂರನೇ ಶೆಡ್ಡಿನಲ್ಲಿ
ನನ್ನ ಕೆಲಸ ಇಷ್ಟೇ:
ಏನೂ ಬೆಳೆಯದ ಜಾಗವನ್ನು ಅಳೆಯುವುದು.

ಗಾಜಿನ ತಟ್ಟೆಯಲ್ಲಿ ಆರಿ ಗಟ್ಟಿಯಾದ ಅಗರ್ ಗಂಜಿ,
ಅದರ ಮೇಲೆ ಹತ್ತಿಕಡ್ಡಿಯಿಂದ ಕಾಣದ ಜೀವಗಳ ಬಿತ್ತನೆ,
ನಡುವೆ ನಾಣ್ಯದಗಲ ಕತ್ತರಿಸಿಟ್ಟ ಪ್ಲಾಸ್ಟಿಕ್ ಹಾಳೆ.
ಹಾಳೆಯೊಳಗೆ ಲವಂಗದೆಣ್ಣೆ, ಚೂರು ಬೆಳ್ಳಿ,
ಇನ್ನೇನೋ ಒಂದು; ಹೆಸರು ಮಾಲೀಕರಿಗಷ್ಟೇ ಗೊತ್ತು.
ರಾತ್ರಿಯೆಲ್ಲ ಮೂವತ್ತೇಳು ಡಿಗ್ರಿಯ ಕಾವಿನಲ್ಲಿ
ತಟ್ಟೆ ತುಂಬ ಮಂಜು ಕವಿದಂತೆ ಅವು ಹಬ್ಬುತ್ತವೆ.
ಹಾಳೆಯ ಸುತ್ತ ಮಾತ್ರ ಒಂದು ಉಂಗುರ,
ತಿಳಿಯಾಗಿ, ಯಾರೂ ಕಾಲಿಡದ ಅಂಗಳದ ಹಾಗೆ.
ಕ್ಯಾಲಿಪರ್ ಹಿಡಿದು ಓದುತ್ತೇನೆ:
ಹದಿನೆಂಟು ಪಾಯಿಂಟ್ ನಾಲ್ಕು.
ಗಾಯಕವಾಡ ಸರ್ ಮುಖ ಅರಳುತ್ತದೆ.

ಪಾವಿನ ಪರೀಕ್ಷೆ ಬೇರೆ.
ಎರಡು ಲಾದಿ, ಒಂದೇ ಭಟ್ಟಿಯವು;
ಒಂದು ನಮ್ಮ ಹಾಳೆಯಲ್ಲಿ, ಇನ್ನೊಂದು ಬರೀ ಚೀಲದಲ್ಲಿ.
ಬರೀ ಚೀಲದ್ದಕ್ಕೆ ಕಂಟ್ರೋಲ್ ಎಂದು ಹೆಸರು,
ಅದರ ಮೇಲೆ ಯಾರ ಕಂಟ್ರೋಲೂ ಇಲ್ಲ.
ಐದನೇ ದಿನಕ್ಕೆ ನೀಲಿ ಬೂಷ್ಟು, ಏಳಕ್ಕೆ ಹಸಿರು ಗಡ್ಡ.
ನಮ್ಮದು ಹದಿನಾಲ್ಕನೇ ದಿನವೂ
ಮದುವೆಗೆ ಹೊರಟಂತೆ ಕೂತಿರುತ್ತದೆ.

ನೆಲ ಒರೆಸುವ ಶೇವಂತಾ ಅಕ್ಕಲಕೋಟೆ ಕಡೆಯವಳು,
ನನ್ನೊಬ್ಬಳ ಜೊತೆಗೇ ಅವಳ ಕನ್ನಡ:
"ಇರಿವಿ ಮುಟ್ಟಂಗಿಲ್ಲ, ಬೂಷ್ಟ ಮುಟ್ಟಂಗಿಲ್ಲ,
ಮತ್ತ ನಾವ್ಯಾಕ ಮುಟ್ಟಬೇಕ್ರೀ ಇದನ್ನ?"
ಸುರಕ್ಷಿತ ಎಂಬ ಪ್ರಮಾಣಪತ್ರ ಗೋಡೆಯಲ್ಲಿತ್ತು.
ನಾನು ಅದನ್ನು ನೋಡಿದೆ.
ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಶ್ರೀಖಂಡದ ಟ್ರಯಲ್ಲಿಗೆಂದು ಬಂದ ಡಬ್ಬಿಗಳಲ್ಲಿ
ಒಂದು ಮಿಕ್ಕಿತ್ತು. ಒಳಗೋಡೆಗೆ ಅದೇ ಲೇಪ, ಚಂದದ ಮುಚ್ಚಳ.
ಚೀಲಕ್ಕೆ ಹಾಕಿಕೊಂಡೆ. ಕಳ್ಳತನ ಅನ್ನಿ.
ಆ ರಾತ್ರಿ ಬಟ್ಟಲು ತೊಳೆಯುವ ಬೇಸರಕ್ಕೆ
ಉಳಿದ ಹೆಪ್ಪನ್ನೆಲ್ಲ ಅದರಲ್ಲೇ ಬಳಿದು
ಉಗುರುಬೆಚ್ಚನೆ ಹಾಲು ಸುರಿದು ಮಲಗಿದೆ.

ಆ ಹೆಪ್ಪಿಗೆ ಹನ್ನೊಂದು ವರ್ಷ.
ಸೊಲ್ಲಾಪುರದಿಂದ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ
ನನ್ನ ತೊಡೆಯ ಮೇಲೆ ಟಿಕೆಟ್ಟಿಲ್ಲದೆ ಬಂದದ್ದು,
ದೌಂಡಿನಲ್ಲಿ ಕುಲುಕಿ ಸೀರೆಗೆ ಚೆಲ್ಲಿದ್ದು,
ಮೂರು ಬಾಡಿಗೆ ಮನೆ, ನಿಲ್ಲದೆ ಹೋದ ಒಂದು ಬಸಿರು,
ಬಾಗಿಲು ಮುಚ್ಚಿದ್ದ ಆ ಎರಡು ಬೇಸಿಗೆ, ಎಲ್ಲ ದಾಟಿದ್ದು.
ಒಂದು ಚಮಚ ಉಳಿಸಿದರೆ ಸಾಕಿತ್ತು ಅದಕ್ಕೆ.

ಬೆಳಗ್ಗೆ ಮುಚ್ಚಳ ತೆಗೆದರೆ
ಹಾಲು ಹಾಲಾಗಿಯೇ ಇತ್ತು.
ಹುಳಿಯಿಲ್ಲ, ಹದವಿಲ್ಲ, ಒಡೆದೂ ಇಲ್ಲ.
ತಳದಲ್ಲಿ ಸುಣ್ಣದ ಹರಳಿನಂತೆ ನಾಲ್ಕು ಚೂರು.
ಬೆರಳದ್ದಿ ನೆಕ್ಕಿದೆ: ಲವಂಗ.
ಲ್ಯಾಬಿನ ಲೆಕ್ಕದಲ್ಲಿ
ಇದಕ್ಕಿಂತ ಒಳ್ಳೆಯ ಫಲಿತಾಂಶವಿಲ್ಲ.
ಕಟ್ಟೆಗೆ ಒರಗಿ ಅತ್ತೆ.
ಮೊಸರಿಗೆ ಯಾರಾದರೂ ಅಳುತ್ತಾರೆಯೆ?

ಕೆಳಗಿನ ಮನೆಯ ಫುಗೆ ಕಾಕು
ಬಟ್ಟಲು ನೋಡಿಯೇ ತಿಳಿದು ಒಳಹೋದರು.
ತಂದುಕೊಟ್ಟು ಅಂದರು, ತಮ್ಮ ಮರಾಠಿಯಲ್ಲಿ:
ಇದು ನಿಮ್ಮದೇ ಕಣಮ್ಮ,
ಹೋದ ವರ್ಷ ನಮ್ಮದು ಹಾಳಾದಾಗ ನೀನೇ ಕೊಟ್ಟದ್ದು.
ಆಮೇಲೆ ನಡುವೆ ಡೇರಿಯದೂ ಕೂಡಿತು,
ಮಗಳ ಅತ್ತೆಮನೆಯದೂ ಕೂಡಿತು.
ಈಗ ಯಾರದು ಅಂತ ಹೇಳಲಿ?
ಅದೇನೋ ಸ್ವಲ್ಪ ಹುಳಿ ಜಾಸ್ತಿ, ನೋಡಿಕೊ.

ಅಂದು ಲ್ಯಾಬಿನಲ್ಲಿ ಇನ್ನೊಂದು ತಟ್ಟೆ.
ಉಂಗುರ ಹತ್ತೊಂಬತ್ತು. ಬರೆದೆ.
ಸರ್ ಊಟಕ್ಕೆ ಹೋದ ಮೇಲೆ
ಕ್ಯಾಲಿಪರಿನ ಬಾಯಿ ಅಗಲಿಸಿ
ಉಂಗುರದಾಚೆಯ ಮಂಜನ್ನು ಅಳೆಯಲು ಹೋದೆ.
ತಟ್ಟೆಯ ಅಂಚು ಮುಟ್ಟಿತು, ಮಂಜು ಅಲ್ಲೂ ಇತ್ತು.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.